ಶಾಲೆ ಓದಿದ್ದು ಏಳೇ ವರ್ಷ, ಬರೆಯೋಕೆ ಕೂತಿದ್ದು 45ಕ್ಕೆ: ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಕತೆ

ತೀರ್ಥಹಳ್ಳಿ: ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸು ಹತ್ತಿದವರಿಗೆಲ್ಲ ಮಂಡಗದ್ದೆ ಗೊತ್ತು. ಮಳೆಗಾಲದಲ್ಲಿ ತುಂಗೆಯ ನಡುವಿನ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟೋ ಊರು. ಈ ಊರಿನ ಹೆಸರನ್ನು ಇನಿಷಿಯಲ್ ಮಾಡಿಕೊಂಡು ಕನ್ನಡದ ಮನೆಮನೆಗೆ ತಲುಪಿಸಿದವರು ಒಬ್ಬ ಹೆಣ್ಣುಮಗಳು. ಎಂ.ಕೆ. ಇಂದಿರಾ. ಎಂ ಅಂದ್ರೆ ಮಂಡಗದ್ದೆ, ಕೆ ಅಂದ್ರೆ ಕೃಷ್ಣರಾವ್.

ಗೆಜ್ಜೆಪೂಜೆ ಸಿನಿಮಾ ಗೊತ್ತಿಲ್ಲದ ಹಿರಿಯರು ನಮ್ಮ ಕಡೆ ಇಲ್ಲ. ಅದರ ಕತೆ ಬರೆದದ್ದು ತೀರ್ಥಹಳ್ಳಿಯಲ್ಲಿ ಹುಟ್ಟಿದವರು ಅನ್ನೋದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹನ್ನೆರಡಕ್ಕೆ ಮದುವೆ

ಇಂದಿರಾ ಹುಟ್ಟಿದ್ದು 1917ರ ಜನವರಿ 5ರಂದು, ತೀರ್ಥಹಳ್ಳಿಯಲ್ಲಿ. ತಂದೆ ತರೀಕೆರೆ ಸೂರ್ಯನಾರಾಯಣ ರಾವ್, ತಾಯಿ ಬನಶಂಕರಮ್ಮ. ತವರು ನರಸಿಂಹರಾಜಪುರ. ಪ್ರಜಾವಾಣಿಯಲ್ಲಿ ಛೂಬಾಣ ಅಂಕಣ ಬರೆದು ಹೆಸರಾದ ಟಿ.ಎಸ್. ರಾಮಚಂದ್ರರಾವ್ ಇವರ ಸಹೋದರ.

ಶಾಲೆಗೆ ಹೋಗಿದ್ದು ಏಳು ವರ್ಷ ಮಾತ್ರ. ಹನ್ನೆರಡನೇ ವಯಸ್ಸಿಗೆ ಮದುವೆ ಆಯ್ತು, ಅಲ್ಲಿಗೆ ಶಾಲೆ ಮುಗೀತು. ಆಗ ಅದು ಕಾನೂನಿಗೆ ವಿರುದ್ಧವೂ ಅಲ್ಲ. ಮೈಸೂರು ಸಂಸ್ಥಾನದ 1894ರ ಕಾಯ್ದೆ ತಡೆದಿದ್ದು ಮುಖ್ಯವಾಗಿ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ಹನ್ನೆರಡು ಅಂದ್ರೆ ಆ ಲೆಕ್ಕದಲ್ಲಿ ದೊಡ್ಡ ವಯಸ್ಸೇ!

ಶಾಲೆ ಬಿಟ್ಟರೂ ಓದು ಬಿಡಲಿಲ್ಲ. ಕನ್ನಡ ಕಾವ್ಯ ಓದಿಕೊಂಡರು, ಹಿಂದಿ ಸಾಹಿತ್ಯವನ್ನೂ ಚೆನ್ನಾಗಿ ತಿಳಿದುಕೊಂಡರು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಸಂಸಾರದ ಕೆಲಸದ ನಡುವೆ ಆದ ಓದು ಅದು.

ಮದುವೆಯಾದ ಮೇಲೆ ಮೊದಲ ಕಾದಂಬರಿ ಅಚ್ಚಾಗೋವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದುಹೋಯಿತು. ಸರ್ಕಾರಿ ನೌಕರಿಗೆ ಸೇರಿದವರು ಅಷ್ಟರಲ್ಲಿ ನಿವೃತ್ತಿ ಲೆಕ್ಕ ಹಾಕ್ತಾ ಇರ್ತಾರೆ. ಇಂದಿರಾ ಬರೆಯೋಕೆ ಶುರು ಮಾಡಿದ್ದೇ ಆಗ, 45ರ ವಯಸ್ಸಿನಲ್ಲಿ.

ಮೊದಲ ಪುಸ್ತಕ ತುಂಗಭದ್ರಾ

ಮೊದಲ ಕಾದಂಬರಿ ತುಂಗಭದ್ರಾ 1963ರಲ್ಲಿ ಬಂತು. ಹೆಂಗಸರ ಕಾದಂಬರಿಗಳಿಗೆ ಆಗಲೇ ಒಂದು ದಾರಿ ಮಾಡಿಕೊಟ್ಟಿದ್ದ ತ್ರಿವೇಣಿ ತೀರಿಹೋದದ್ದೂ ಅದೇ ವರ್ಷ, ಬರೀ 34ನೇ ವಯಸ್ಸಿಗೆ. ತ್ರಿವೇಣಿಗಿಂತ ಹನ್ನೊಂದು ವರ್ಷ ದೊಡ್ಡವರಾದ ಇಂದಿರಾ ಆಗಷ್ಟೇ ಮೊದಲ ಹೆಜ್ಜೆ ಇಟ್ಟಿದ್ದರು.

ತೀರ್ಥಹಳ್ಳಿ ತಾಲೂಕಿನ ಮಟ್ಟಿಗೆ ಅದು ಎಂಥಾ ಕಾಲ ಅಂತ ನೋಡಿ. 1965ರಲ್ಲಿ ಮೇಳಿಗೆಯ ಯು.ಆರ್. ಅನಂತಮೂರ್ತಿಯವರ ಸಂಸ್ಕಾರ ಬಂತು. 1967ರಲ್ಲಿ ಕುಪ್ಪಳಿಯ ಕುವೆಂಪು ಅವರ ಮಲೆಗಳಲ್ಲಿ ಮದುಮಗಳು. ಒಬ್ಬರು ಕಾಲೇಜು ಮೇಷ್ಟ್ರು, ಇನ್ನೊಬ್ಬರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಆಗಿದ್ದವರು. ಇವರ ಸಾಲಿನಲ್ಲಿ ನಿಂತ ಇಂದಿರಾ ಬಳಿ ಡಿಗ್ರಿನೂ ಇರಲಿಲ್ಲ, ಹುದ್ದೆನೂ ಇರಲಿಲ್ಲ. ಆದರೂ ತುಂಗಭದ್ರಾಗೆ ರಾಜ್ಯದ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಆಮೇಲೆ 1965ರ ಸದಾನಂದ, 1967ರ ನವರತ್ನ ಕಾದಂಬರಿಗಳಿಗೂ ಬಂತು.

ಅಂಗಡಿ ಲೆಕ್ಕದಂಥ ಬದುಕು

ಬಹುಮಾನ ಬಂದ ಮಾತ್ರಕ್ಕೆ ಬರವಣಿಗೆ ಹೊಟ್ಟೆಪಾಡು ಆಗಲ್ಲ. ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ. ತಿಂಗಳ ಸಂಬಳ ಇಲ್ಲ, ಪಿಂಚಣಿ ಇಲ್ಲ. ಪುಸ್ತಕ ಅಚ್ಚಾದ್ರೆ ಪ್ರಕಾಶಕರು ಕೊಟ್ಟಷ್ಟು. ಅಚ್ಚಾದದ್ದು ಖರ್ಚಾಗಬೇಕು, ಆಮೇಲೆ ಇನ್ನೊಂದು ಮುದ್ರಣದ ಮಾತು. ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಒಂದೇ ಪ್ರತಿಯನ್ನು ನೂರು ಜನ ಓದಿದ್ರೆ ಹೆಸರು ಬರುತ್ತೆ, ದುಡ್ಡು ಬರೋದು ಒಂದು ಪ್ರತಿಯದ್ದು ಮಾತ್ರ. ಆ ಕಾಲದ ಕನ್ನಡ ಕಾದಂಬರಿಕಾರರೆಲ್ಲರ ಪಾಡೂ ಇದೇ.

ಹೆಂಗಸರಿಗೆ ಇನ್ನೊಂದು ಪೆಟ್ಟು ಬೇರೆ ಇತ್ತು. ಲೇಖಕಿಯರು ಬರೆದದ್ದನ್ನೆಲ್ಲ ಅಡುಗೆಮನೆ ಸಾಹಿತ್ಯ ಅಂತ ಮೂಗು ಮುರಿಯೋ ಚಾಳಿ. ಇಂದಿರಾ ಅದಕ್ಕೆ ಹೆದರಿ ದಾರಿ ಬದಲಿಸಲಿಲ್ಲ. ಬರೆದದ್ದೇ ಮಲೆನಾಡಿನ ಮನೆಯೊಳಗಿನ ಬದುಕು. ಜಗಲಿ, ಹಿತ್ತಿಲು, ಬಚ್ಚಲೊಲೆ, ಮಡಿ, ಬಾಣಂತನ, ಸೊಸೆಯರ ಮುಸುಮುಸು ಅಳು. ಗಂಡಸರ ಕಣ್ಣಿಗೆ ಬೀಳದ, ಬಿದ್ದರೂ ಕತೆ ಅನ್ನಿಸದ ಸಂಗತಿಗಳು. ನಲವತ್ತಕ್ಕೂ ಹೆಚ್ಚು ಕಾದಂಬರಿ ಆಗುವಷ್ಟು ಸರಕು ಅಲ್ಲಿತ್ತು.

ಅದೇ ಹೊತ್ತಿಗೆ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲೂಕಿನ ಊರೂರೇ ಶರಾವತಿ ಹಿನ್ನೀರಿಗೆ ಸೇರಿದವು. ಅಂಥ ಹಳೇ ಮನೆಗಳು ಎಷ್ಟೋ ಮುಳುಗಿದವು, ಉಳಿದವು ಕಾಲಕ್ಕೆ ತಕ್ಕಂತೆ ಬದಲಾದವು. ಆ ಮನೆಗಳ ಒಳಗೆ ಹೆಂಗಸರು ಹೇಗೆ ಬದುಕಿದ್ದರು ಅಂತ ಇವತ್ತು ತಿಳಿಯೋಕೆ ಇಂದಿರಾ ಕಾದಂಬರಿಗಳು ಬೇಕು.

ಸಿನಿಮಾ ಗೆದ್ದಿತು, ಹೆಸರು ಹಿಂದೆ ಸರೀತು

ಪುಟ್ಟಣ್ಣ ಕಣಗಾಲ್ ಗೆಜ್ಜೆಪೂಜೆ ಕಾದಂಬರಿಯನ್ನು ಸಿನಿಮಾ ಮಾಡಿದರು. ಮದುವೆಯಾಗಿ ಎಲ್ಲರಂತೆ ಬಾಳಬೇಕು ಅಂತ ಆಸೆಪಡೋ ಹುಡುಗಿಯನ್ನು ಕುಲಕಸುಬಿನ ಹೆಸರಲ್ಲಿ ಕಟ್ಟಿಹಾಕೋ ಕತೆ. ಕಲ್ಪನಾ ಮನೆಮಾತಾದರು. ಚಿತ್ರಕಥೆಗೆ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ತೆಲುಗಿನಲ್ಲಿ ಕಲ್ಯಾಣ ಮಂಟಪಂ, ಹಿಂದಿಯಲ್ಲಿ ಆಹಿಸ್ತಾ ಆಹಿಸ್ತಾ ಅಂತ ಅದೇ ಕತೆ ಮತ್ತೆ ತೆರೆಗೆ ಬಂತು.

ಜನ ನೆನಪಿಟ್ಟುಕೊಂಡದ್ದು ಪುಟ್ಟಣ್ಣನನ್ನು, ಕಲ್ಪನಾಳನ್ನು. ಕತೆ ಹೆತ್ತವರ ಹೆಸರು ಟೈಟಲ್ ಕಾರ್ಡಿನಲ್ಲಿ ಬಂದು ಹೋಯಿತು. ಬರೆಯೋರ ಬದುಕಿನಲ್ಲಿ ಇದು ಮಾಮೂಲಿ, ಆದ್ರೂ ಸಣ್ಣ ನಷ್ಟ ಅಲ್ಲ.

59ಕ್ಕೆ ಫಣಿಯಮ್ಮ

ಇಂದಿರಾ ಬರೆದದ್ದರಲ್ಲಿ ಎಲ್ಲಕ್ಕಿಂತ ಗಟ್ಟಿ ಅಂತ ಓದುಗರು ಒಪ್ಪಿಕೊಂಡ ಫಣಿಯಮ್ಮ ಬಂದದ್ದು 1976ರಲ್ಲಿ. ಆಗ ಅವರಿಗೆ 59.

ಅದು ಕಟ್ಟುಕತೆ ಅಲ್ಲ. ಚಿಕ್ಕಂದಿನಲ್ಲಿ ಇಂದಿರಾ ಕಣ್ಣಾರೆ ಕಂಡಿದ್ದ, ಬಾಲ್ಯದಲ್ಲೇ ವಿಧವೆಯಾದ ಒಬ್ಬ ಅಜ್ಜಿಯ ಬದುಕು. ಆ ಅಜ್ಜಿ ತನ್ನ ಕತೆಯನ್ನು ಇಂದಿರಾ ಅವರ ತಾಯಿಯ ಹತ್ತಿರ ಹೇಳಿಕೊಂಡಿದ್ದರು. ಅದು ಮಗಳ ಕಿವಿಗೂ ಬಿತ್ತು. ಪುಸ್ತಕ ಆಗೋಕೆ ಇಷ್ಟು ವರ್ಷ ಹಿಡಿಯಿತು.

ಕಾದಂಬರಿಯ ಫಣಿಯಮ್ಮ ಕೂಗಾಡಲ್ಲ, ಮನೆ ಬಿಟ್ಟು ಓಡಲ್ಲ. ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಮನೆಮಂದಿಗೆಲ್ಲ ದುಡಿಯುತ್ತಾಳೆ. ಆದರೆ ಒಳಗೇ ಯೋಚನೆ ಮಾಡುತ್ತಾಳೆ. ಮುಟ್ಟಬಾರದು ಅಂತ ಇದ್ದ ಜಾತಿಯ ಹೆಂಗಸಿನ ಹೆರಿಗೆ ಕಷ್ಟವಾದಾಗ ಹೋಗಿ ಕೈ ಹಿಡಿಯುತ್ತಾಳೆ. ದಾಕ್ಷಾಯಿಣಿ ಅನ್ನೋ ಎಳೇ ವಿಧವೆ ತಲೆ ಕೊಡೋಲ್ಲ ಅಂತ ಹಠ ಹಿಡಿದಾಗ ಅವಳ ಪರ ನಿಲ್ಲುತ್ತಾಳೆ.

ಈ ಪುಸ್ತಕಕ್ಕೂ ಅಕಾಡೆಮಿ ಬಹುಮಾನ ಸಿಕ್ಕಿತು. ಪ್ರೇಮಾ ಕಾರಂತ್ ಮೊದಲ ಬಾರಿಗೆ ನಿರ್ದೇಶನಕ್ಕೆ ಇಳಿದದ್ದು ಇದೇ ಕತೆಗೆ. ಎಲ್.ವಿ. ಶಾರದಾ ಫಣಿಯಮ್ಮ ಆದರು. ಸಿನಿಮಾಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. 1989ರಲ್ಲಿ ತೇಜಸ್ವಿನಿ ನಿರಂಜನ ಕಾದಂಬರಿಯನ್ನು ಇಂಗ್ಲಿಷಿಗೆ ತಂದರು, ದೆಹಲಿಯ ಕಾಳಿ ಫಾರ್ ವಿಮೆನ್ ಪ್ರಕಟಿಸಿತು. ಮಲೆನಾಡಿನ ಅಜ್ಜಿಯೊಬ್ಬಳ ಕತೆ ಹೀಗೆ ಹೊರನಾಡಿನ ಕಾಲೇಜುಗಳವರೆಗೂ ಹೋಯಿತು.

ಉಳಿದದ್ದು

1994ರ ಮಾರ್ಚ್ 15ರಂದು, 77ನೇ ವಯಸ್ಸಿನಲ್ಲಿ ಇಂದಿರಾ ತೀರಿಕೊಂಡರು. ಅವರ ಹೆಸರಿನಲ್ಲಿ ಲೇಖಕಿಯರಿಗೆ ಕೊಡೋ ಒಂದು ಪ್ರಶಸ್ತಿ ಇದೆ.

ಅವರ ಕತೆಯನ್ನು ಬರೀ ಗೆಲುವಿನ ಕತೆ ಮಾಡಿಬಿಟ್ಟರೆ ಮೋಸ ಆಗುತ್ತೆ. ಹನ್ನೆರಡನೇ ವಯಸ್ಸಿಗೆ ಶಾಲೆ ನಿಲ್ಲದೇ ಇದ್ದಿದ್ದರೆ ಇಪ್ಪತ್ತೈದಕ್ಕೇ ಬರೆಯುತ್ತಿದ್ದರೋ ಏನೋ. ಆ ವರ್ಷಗಳನ್ನು ಯಾರೂ ವಾಪಸ್ ಕೊಡಲಿಲ್ಲ. ಆದರೆ ಆ ವರ್ಷಗಳಲ್ಲಿ ಕಂಡದ್ದು, ಕೇಳಿದ್ದು ಒಂದನ್ನೂ ಅವರು ಹಾಳುಮಾಡಲಿಲ್ಲ.

ನಮ್ಮ ಮೂರು ತಾಲೂಕಲ್ಲೂ ಡೈರಿಯಲ್ಲಿ ಬರೆದು ಮುಚ್ಚಿಡೋರು ಇದ್ದಾರೆ. ಡಿಗ್ರಿ ಮುಗಿಸಲಿಲ್ಲ, ವಯಸ್ಸಾಯ್ತು, ನಂದು ಬರೀ ಮನೆ ವಿಷಯ ಅಂತ ಹಿಂಜರಿಯೋರು. ಅಂಥವರು ಫಣಿಯಮ್ಮ ಒಮ್ಮೆ ಓದಬೇಕು. ದೊಡ್ಡ ಪುಸ್ತಕವೇನಲ್ಲ, ಎರಡು ರಾತ್ರಿಗೆ ಮುಗಿಯುತ್ತೆ.