ಬಿಸಿಲನ್ನೇ ದೀಪ ಮಾಡಿಕೊಂಡ ಸಿ.ವಿ. ರಾಮನ್

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಆದ್ದರಿಂದ ಈ ಸಲ ನಾನು ಸರ್ ಸಿ.ವಿ. ರಾಮನ್ ಅವರ ಜೀವನ ಬರೆದಿದ್ದೇನೆ. ನಮ್ಮ ಶಾಲೆಯಾಗ ವಿಜ್ಞಾನದ ಸಾಮಾನು ಒಂದು ಕಪಾಟಿನಷ್ಟೇ ಐತಿ, ಇದರಾಗ ಏನು ಕಲಿಯೋದು ಅಂತ ನಮ್ಮ ತರಗತಿಯಲ್ಲಿ ಕೆಲವರು ಅಂತಾರೆ. ಅವರು ಇದನ್ನು ಪೂರ್ತಿ ಓದಬೇಕು.

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. 1907ರಲ್ಲಿ ಕಲ್ಕತ್ತೆಯಲ್ಲಿ ಸರ್ಕಾರದ ಲೆಕ್ಕಪತ್ರ ಇಲಾಖೆಯ ನೌಕರಿ ಸಿಕ್ಕಿತು. ದೊಡ್ಡ ನೌಕರಿ. ಆದರೂ ಆಫೀಸಿಗೆ ಹೋಗುವ ಮೊದಲು ಮತ್ತು ಆಫೀಸು ಬಿಟ್ಟ ಮೇಲೆ ಅಲ್ಲಿನ ವಿಜ್ಞಾನ ಸಂಘದ ಪ್ರಯೋಗಶಾಲೆಗೆ ಹೋಗಿ ಕೆಲಸ ಮಾಡುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು! 1917ರಲ್ಲಿ ಆ ನೌಕರಿ ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರೊಫೆಸರ್ ಆದರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವಾಗ ಸಮುದ್ರ ಯಾಕೆ ನೀಲಿ ಎಂಬ ವಿಚಾರ ಅವರ ತಲೆಯೊಳಗೆ ಹೊಕ್ಕಿತು. ಹತ್ತಿರ ಇದ್ದದ್ದು ಒಂದು ಸಣ್ಣ ಪಟ್ಟಕ. ಅದರಿಂದ ನೀರಿನ ಮೇಲೆ ಬಿದ್ದ ಆಕಾಶದ ಹೊಳಪನ್ನು ತಡೆದು ನೋಡಿದರು. ಆಗಲೂ ನೀಲಿ ಹಾಗೇ ಇತ್ತು. ಅಂದರೆ ಆ ಬಣ್ಣ ಬರೀ ಆಕಾಶದ ಪ್ರತಿಬಿಂಬವಲ್ಲ.

ಮುಂದೆ ಕೆ.ಎಸ್. ಕೃಷ್ಣನ್ ಎಂಬ ಶಿಷ್ಯರ ಜೊತೆ ಸುಮಾರು 60 ದ್ರವಗಳನ್ನು ಪರೀಕ್ಷೆ ಮಾಡಿದರು. ಮೊದಲು ಯಾವ ದೀಪವೂ ಇರಲಿಲ್ಲ, ಬಿಸಿಲೇ ದೀಪ. ದೂರದರ್ಶಕದ ದೊಡ್ಡ ಮಸೂರದಿಂದ ಬಿಸಿಲನ್ನು ಒಂದೇ ಕಡೆ ಕೂಡಿಸಿ, ಬಣ್ಣದ ಗಾಜಿನ ಮೂಲಕ ದ್ರವದೊಳಗೆ ಬಿಡುತ್ತಿದ್ದರು. ಆ ಬಣ್ಣವನ್ನು ಪೂರ್ತಿ ತಡೆಯುವ ಇನ್ನೊಂದು ಗಾಜನ್ನು ಕಣ್ಣಿನ ಮುಂದೆ ಇಟ್ಟರೆ ಕತ್ತಲೆ ಕಾಣಬೇಕು, ಹೌದಲ್ಲ? ಆದರೆ ಮಸುಕಾಗಿ ಬೆಳಕು ಕಂಡಿತು. ದ್ರವದೊಳಗೆ ಸ್ವಲ್ಪ ಬೆಳಕು ತನ್ನ ಬಣ್ಣವನ್ನೇ ಬದಲಿಸಿಕೊಂಡಿತ್ತು! ಅದೇ ರಾಮನ್ ಪರಿಣಾಮ, 1928ರ ಫೆಬ್ರವರಿ 28. ಸಾಮಾನಿಗೆ ಸುಮಾರು 200 ರೂಪಾಯಿ ಆಗಿತ್ತು ಅಂತ ಹೇಳುತ್ತಾರೆ. ಬಿಸಿಲು ಸಾಲದಾದಾಗ ಪಾದರಸದ ದೀಪ ತಂದರು. ಬೇಕಾದಲ್ಲಿ ಖರ್ಚು ಮಾಡಿದರು, ಅದು ಜಿಪುಣತನ ಅಲ್ಲ. 1930ರಲ್ಲಿ ನೊಬೆಲ್ ಬಹುಮಾನ ಬಂತು.

ನಮ್ಮ ಆನೆಗೊಂದಿಯಲ್ಲಿ ಬಿಸಿಲಿಗೇನೂ ಬರ ಇಲ್ಲ, ಬಂಡೆ ಮುಟ್ಟಿದರೆ ಕೈ ಸುಡತೈತಿ. ಬಾಳೆ ದಿಂಡನ್ನು ಬಿಸಾಡದೆ ನಾರು ತೆಗೆದು ಚೀಲ ಮಾಡುವ ಊರು ನಮ್ಮದು. ಹಾಗಿದ್ದ ಮೇಲೆ ಮೈಲುತುತ್ತದ ಹರಳಿನ ಪ್ರಯೋಗ ಮಾಡಿ ಉಳಿದ ನೀಲಿ ನೀರನ್ನು ಬಚ್ಚಲಿಗೆ ಯಾಕೆ ಸುರಿಯಬೇಕು? ಅದು ಮೀನಿಗೆ ವಿಷ, ಬಚ್ಚಲ ನೀರು ಕಡೆಗೆ ಹೊಳೆಗೇ ಹೋಗತೈತಿ. ಗುರುಗಳ ಮುಂದೆ ಗಾಜಿನ ತಟ್ಟೆಯಲ್ಲಿ ಬಿಸಿಲಿಗೆ ಇಟ್ಟರೆ ನೀರು ಆರಿ ಹರಳು ಮತ್ತೆ ಸಿಗುತ್ತದೆ. ಬರುವ ವರ್ಷದ ಏಳನೆಯವರು ಅದನ್ನೇ ಬಳಸಬಹುದು.

1933ರಲ್ಲಿ ರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಬಂದರು. ಆ ಹುದ್ದೆಗೆ ಬಂದ ಮೊದಲ ಭಾರತೀಯರು ಅವರೇ. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಶುರುವಿನಲ್ಲಿ ಅಲ್ಲಿ ಕರೆಂಟೇ ಇರಲಿಲ್ಲ. ಅವರು ಸುಮ್ಮನೆ ಕೂಡಲಿಲ್ಲ, ಕೈಯಿಂದ ತಿರುಗಿಸುವ ಕನ್ನಡಿಯಿಂದ ಬಿಸಿಲನ್ನು ಒಳಗೆ ತಂದು ಪ್ರಯೋಗ ತೋರಿಸಿದರು. 1954ರಲ್ಲಿ ಭಾರತರತ್ನ ಬಂತು.

1970ರ ನವೆಂಬರ್ 21ರಂದು ತೀರಿಕೊಂಡರು. ಆ ಸಂಸ್ಥೆಯ ತೋಟದಲ್ಲೇ ಅವರ ಅಂತ್ಯಕ್ರಿಯೆ ಆಯಿತು. ಅಲ್ಲಿ ಸಮಾಧಿ ಕಟ್ಟಿಲ್ಲ, ಒಂದು ಗಿಡ ನೆಟ್ಟಿದ್ದಾರೆ.