ಶ್ರೀ ರಫಿ ಅಹಮದ್ ಕಿದ್ವಾಯಿ (1894–1954): ಆಹಾರಧಾನ್ಯ ವ್ಯಾಪಾರದ ನಿಯಂತ್ರಣ ತೆರವುಗೊಳಿಸಿದ ಸಚಿವರು

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಹೆಸರು ನಾಗರಿಕರೆಲ್ಲರಿಗೂ ಪರಿಚಿತವಾಗಿದೆ. ಆ ಹೆಸರಿನ ಮಹನೀಯರು ಸ್ವತಂತ್ರ ಭಾರತದ ಆಹಾರ ಸಚಿವರಾಗಿದ್ದು, ಸರ್ಕಾರದ ಹಿಡಿತದಲ್ಲಿದ್ದ ಧಾನ್ಯ ವ್ಯಾಪಾರವನ್ನು ಮುಕ್ತ ಮಾರುಕಟ್ಟೆಗೆ ಹಿಂದಿರುಗಿಸಿದವರು. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಸಾರ್ವಜನಿಕ ಜೀವನ

ಶ್ರೀ ಕಿದ್ವಾಯಿ ಅವರು 1894ರ ಫೆಬ್ರವರಿ 18ರಂದು ಇಂದಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿ ಗ್ರಾಮದಲ್ಲಿ ಜನಿಸಿದರು. ಅಲಿಗಢದಲ್ಲಿ ಪದವಿ ಪಡೆದು, ಕಾನೂನು ವ್ಯಾಸಂಗವನ್ನು ತೊರೆದು ಅಸಹಕಾರ ಚಳವಳಿಯನ್ನು ಸೇರಿ ಸೆರೆವಾಸ ಅನುಭವಿಸಿದರು. ಕೆಲಕಾಲ ಶ್ರೀ ಮೋತಿಲಾಲ್ ನೆಹರೂ ಅವರ ಆಪ್ತ ಕಾರ್ಯದರ್ಶಿಯಾಗಿದ್ದರು. 1937ರಲ್ಲಿ ಸಂಯುಕ್ತ ಪ್ರಾಂತ್ಯದ ಕಂದಾಯ ಸಚಿವರಾಗಿ ಗೇಣಿದಾರರ ಹಕ್ಕುಗಳಿಗಾಗಿ ಶ್ರಮಿಸಿದರು. 1947ರಲ್ಲಿ ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರಾದರು.

ನಿಯಂತ್ರಣದ ಹಿನ್ನೆಲೆ

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ಆಮದು ನಿಂತುಹೋಯಿತು. 1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ ಉಂಟಾಯಿತು. ಇದರಿಂದ ಧಾನ್ಯದ ಖರೀದಿ, ಸಾಗಾಣಿಕೆ ಮತ್ತು ಮಾರಾಟದ ಮೇಲೆ ಸರ್ಕಾರದ ನಿಯಂತ್ರಣ ವ್ಯಾಪಕವಾಯಿತು. ಅನೇಕ ಕಡೆ ರೈತರು ನಿಗದಿತ ಬೆಲೆಗೆ ಲೆವಿ ಧಾನ್ಯ ನೀಡಬೇಕಾಗಿತ್ತು. ನಗರವಾಸಿಗಳು ಪಡಿತರ ಚೀಟಿಯನ್ನು ಅವಲಂಬಿಸಿದರು. ಜೊತೆಯಲ್ಲಿಯೇ ಕಾಳಸಂತೆಯೂ ಬೆಳೆಯಿತು. 1947ರ ಡಿಸೆಂಬರ್‌ನಿಂದ ನಿಯಂತ್ರಣವನ್ನು ಸಡಿಲಿಸಲಾಯಿತಾದರೂ ಬೆಲೆಗಳು ತೀವ್ರವಾಗಿ ಏರಿದ್ದರಿಂದ 1948ರಲ್ಲಿ ಅದನ್ನು ಮತ್ತೆ ಜಾರಿಗೊಳಿಸಬೇಕಾಯಿತು.

ಆಹಾರ ಸಚಿವರಾಗಿ

1952ರಲ್ಲಿ ಶ್ರೀ ಕಿದ್ವಾಯಿ ಅವರು ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾದಾಗ ಈ ಹಿಂದಿನ ವೈಫಲ್ಯವು ಎಲ್ಲರ ನೆನಪಿನಲ್ಲಿತ್ತು. ನಿರ್ಧಾರ ತಪ್ಪಿದಲ್ಲಿ ಅದರ ಹೊರೆ ಮೊದಲು ಬೀಳುವುದು ಬಡ ಕುಟುಂಬಗಳ ಮೇಲೆ ಎಂಬುದು ಸ್ಪಷ್ಟವಿತ್ತು. ಅದೇ ವರ್ಷ ಮದರಾಸು ರಾಜ್ಯದಲ್ಲಿ ಮುಖ್ಯಮಂತ್ರಿ ಶ್ರೀ ಸಿ. ರಾಜಗೋಪಾಲಾಚಾರಿ ಅವರು ನಿಯಂತ್ರಣ ತೆಗೆದಾಗ ಶ್ರೀ ಕಿದ್ವಾಯಿ ಅವರು ಬೆಂಬಲ ನೀಡಿದರು.

ನಿಯಂತ್ರಣವನ್ನು ಒಮ್ಮೆಲೇ ಕೈಬಿಡದೆ ಹಂತ ಹಂತವಾಗಿ ಸಡಿಲಿಸಲಾಯಿತು. ಸರ್ಕಾರದ ಉಗ್ರಾಣಗಳಲ್ಲಿ ದಾಸ್ತಾನು ಇರಿಸಿಕೊಂಡು, ಅಗತ್ಯವಿದ್ದೆಡೆ ಬಿಡುಗಡೆ ಮಾಡುವ ಕ್ರಮವನ್ನು ಅನುಸರಿಸಲಾಯಿತು. ಸರ್ಕಾರದ ಧಾನ್ಯ ಯಾವಾಗ ಬೇಕಾದರೂ ಮಾರುಕಟ್ಟೆಗೆ ಬರಬಹುದೆಂಬ ಅರಿವಿದ್ದಾಗ ಅಕ್ರಮ ದಾಸ್ತಾನಿನಿಂದ ಲಾಭ ಗಳಿಸುವುದು ಕಠಿಣವಾಗುತ್ತದೆ. ಉತ್ತಮ ಮಳೆ ಬೆಳೆಗಳೂ ನೆರವಾದವು. 1954ರ ಜುಲೈನಲ್ಲಿ ಅಕ್ಕಿಯ ಮೇಲಿನ ನಿಯಂತ್ರಣವೂ ಕೊನೆಗೊಂಡಿತು.

ನಿಧನ ಮತ್ತು ನಂತರದ ಬೆಳವಣಿಗೆ

1954ರ ಅಕ್ಟೋಬರ್ 24ರಂದು ಶ್ರೀ ಕಿದ್ವಾಯಿ ಅವರು ದೆಹಲಿಯಲ್ಲಿ ನಿಧನ ಹೊಂದಿದರು. ದೀರ್ಘಕಾಲ ಅಧಿಕಾರದಲ್ಲಿದ್ದರೂ ಅವರು ಆಸ್ತಿ ಸಂಪಾದಿಸಲಿಲ್ಲ. ಉಳಿದದ್ದು ಸಾಲ ಮಾತ್ರ. ಅವರ ಸ್ಮರಣಾರ್ಥ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಕೃಷಿ ವಿಜ್ಞಾನಿಗಳಿಗಾಗಿ ಪ್ರಶಸ್ತಿಯನ್ನು ಸ್ಥಾಪಿಸಿತು.

ಮುಕ್ತ ವ್ಯಾಪಾರದ ಆ ವ್ಯವಸ್ಥೆಯು ಹೆಚ್ಚು ಕಾಲ ಉಳಿಯಲಿಲ್ಲ. ಬೆಲೆಗಳು ಪುನಃ ಏರಿದ್ದರಿಂದ 1957ರ ನಂತರ ನ್ಯಾಯಬೆಲೆ ಅಂಗಡಿಗಳು ವಿಸ್ತರಿಸಲ್ಪಟ್ಟವು; 1965ರಲ್ಲಿ ಭಾರತೀಯ ಆಹಾರ ನಿಗಮ ಸ್ಥಾಪನೆಯಾಯಿತು. ಇಂದು ನಾಗರಿಕರು ಧಾನ್ಯವನ್ನು ಅಂಗಡಿಯಲ್ಲಿ ಮುಕ್ತವಾಗಿ ಕೊಳ್ಳಬಹುದು. ಅರ್ಹ ಕುಟುಂಬಗಳು ಪಡಿತರ ಚೀಟಿಯ ಮೂಲಕವೂ ಪಡೆಯಬಹುದು. ವ್ಯಾಪಾರ ಮುಕ್ತವಾಗಿದ್ದರೂ ಸರ್ಕಾರದ ಬಳಿ ದಾಸ್ತಾನು ಇರಬೇಕೆಂಬುದು ಶ್ರೀ ಕಿದ್ವಾಯಿ ಅವರ ಕಾರ್ಯವೈಖರಿಯಿಂದ ತಿಳಿದುಬರುವ ಮುಖ್ಯ ಅಂಶವಾಗಿದೆ.