ಹೂವಿಗೆ ಹೆಸರಿಟ್ಟ ಬೆಡ್ಡೋಮ್

ಮಳೆಗಾಲ ಆರಂಭವಾಗುವ ಹೊತ್ತಿಗೆ ನಮ್ಮ ಊರಿನ ಹಲವು ಮರಗಳಲ್ಲಿ ಸೀತಾಳೆ ಹೂ ಬಿಡುತ್ತದೆ. ಬಿಳಿ ಮತ್ತು ನಸುಗೆಂಪು ಬಣ್ಣದ ಪುಟ್ಟ ಹೂಗಳು ಒಂದೇ ದಂಡೆಯಲ್ಲಿ ಜೋತು ಬೀಳುತ್ತವೆ. ಸೀತಾಳೆಯು ಆರ್ಕಿಡ್ ಜಾತಿಗೆ ಸೇರಿದ ಸಸ್ಯ. ಆರ್ಕಿಡ್‌ಗಳಲ್ಲಿ ಸಾವಿರಾರು ಬಗೆಗಳಿವೆ. ಕೆಲವು ಮರದ ಮೇಲೆ ಬೆಳೆಯುತ್ತವೆ. ಕೆಲವು ನೆಲದಲ್ಲಿ, ಬಂಡೆಯ ಸಂದಿಯಲ್ಲಿ ಬೆಳೆಯುತ್ತವೆ. ಅವುಗಳಲ್ಲಿ ಒಂದು ವಿಚಿತ್ರವಾದ ಗುಂಪಿದೆ. ಅದರ ಹೂವಿನ ಒಂದು ದಳವು ಪುಟ್ಟ ಚಪ್ಪಲಿಯ ಮುಂಭಾಗದಂತೆ ಚೀಲವಾಗಿರುತ್ತದೆ. ಆದುದರಿಂದ ಅದನ್ನು ಸ್ಲಿಪ್ಪರ್ ಆರ್ಕಿಡ್ ಎಂದು ಕರೆಯುತ್ತಾರೆ. ದಕ್ಷಿಣ ಭಾರತದ ಕಾಡುಗಳಲ್ಲಿ ಇಂತಹ ಆರ್ಕಿಡ್ ಇರುವುದು ಒಂದೇ ಒಂದು. ಅದು ಕೇರಳದ ತೆಂಕಣ ತುದಿಯ ಅಗಸ್ತ್ಯಮಲೆಯ ಪ್ರದೇಶದಲ್ಲಿದೆ. ಅದಕ್ಕೆ ಹೆಸರಿಟ್ಟು ಲೋಕಕ್ಕೆ ಪರಿಚಯಿಸಿದವರು ರಿಚರ್ಡ್ ಹೆನ್ರಿ ಬೆಡ್ಡೋಮ್.

ಬೆಡ್ಡೋಮ್ ಅವರು 1830ನೆಯ ಇಸವಿ ಮೇ 11ರಂದು ಇಂಗ್ಲೆಂಡಿನಲ್ಲಿ ಜನಿಸಿದರು. ಅವರ ತಂದೆ ವಕೀಲರು. ಮಗನೂ ಕಾನೂನು ಕಲಿಯಲಿ ಎಂಬುದು ಮನೆಯವರ ಆಸೆಯಾಗಿತ್ತು. ಆದರೆ ಹುಡುಗನಿಗೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. 1848ರಲ್ಲಿ, ಹದಿನೆಂಟರ ಹರೆಯದಲ್ಲಿ, ಅವರು ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯವನ್ನು ಸೇರಿ ಮದ್ರಾಸು ಪ್ರಾಂತ್ಯಕ್ಕೆ ಬಂದರು. ಇಲ್ಲಿನ ಕಾಡು, ಗಿಡಮರ, ಹಾವು, ಕಪ್ಪೆಗಳೆಲ್ಲ ಅವರಿಗೆ ಹೊಸತು. ಕಂಡುದನ್ನೆಲ್ಲ ತಿಳಿಯಬೇಕೆಂಬ ಹಂಬಲ ಅವರಲ್ಲಿ ಬೆಳೆಯಿತು.

ಆ ಕಾಲದಲ್ಲಿ ನಮ್ಮ ಕಾಸರಗೋಡು ಕೂಡ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಅದು ದಕ್ಷಿಣ ಕನ್ನಡಕ್ಕೆ ಸೇರಿದ ಪ್ರದೇಶವಾಗಿತ್ತು. 1956ರ ನವೆಂಬರ್ 1ರಂದು ಅದು ಕೇರಳ ರಾಜ್ಯಕ್ಕೆ ಸೇರಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಆಗ ಕಾಡಿಗೆ ದೊಡ್ಡ ಆಪತ್ತು ಬಂದಿತ್ತು. ಹಡಗು ಕಟ್ಟಲು ಸಾಗುವಾನಿ ಬೇಕಾಗಿತ್ತು. 1856ರಲ್ಲಿ ಮದ್ರಾಸಿನಿಂದ ದಕ್ಷಿಣ ಭಾರತದ ಮೊದಲ ರೈಲು ಓಡಿತು. ರೈಲು ಹಳಿಗಳ ಕೆಳಗೆ ಇಡಲು ಲೆಕ್ಕವಿಲ್ಲದಷ್ಟು ಮರದ ದಿಮ್ಮಿಗಳು ಬೇಕಾದವು. ಮರಗಳು ಉರುಳತೊಡಗಿದವು. ಹೀಗೆಯೇ ಕಡಿಯುತ್ತ ಹೋದರೆ ಕಾಡು ಉಳಿಯದು ಎಂದು ತಿಳಿದ ಸರಕಾರವು ಅರಣ್ಯ ಇಲಾಖೆಯನ್ನು ಆರಂಭಿಸಿತು. ಡಾಕ್ಟರ್ ಹ್ಯೂ ಕ್ಲೆಗಾರ್ನ್ ಅದರ ಮುಖ್ಯಸ್ಥರಾದರು. ಬೆಡ್ಡೋಮ್ ಅವರ ಸಹಾಯಕರಾಗಿ ನೇಮಕಗೊಂಡರು. 1860ರಲ್ಲಿ ಅವರೇ ಇಲಾಖೆಯ ಮುಖ್ಯಸ್ಥರಾದರು. 1882ರವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಆ ಕೆಲಸವನ್ನು ಮಾಡಿದರು.

ನೀಲಗಿರಿ, ಆನೆಮಲೆ, ವಯನಾಡು, ದಕ್ಷಿಣ ಕನ್ನಡದ ಘಟ್ಟಗಳು ಹೀಗೆ ಅನೇಕ ಕಾಡುಗಳು ಅವರ ಅಧಿಕಾರದಲ್ಲಿದ್ದವು. ಇಂದಿನಂತೆ ಒಳ್ಳೆಯ ರಸ್ತೆಗಳಿರಲಿಲ್ಲ. ಜಿಗಣೆ, ಮಳೆ, ಮಲೇರಿಯಾ ಜ್ವರ ಇವುಗಳ ನಡುವೆ ಕೆಲಸ ಮಾಡಬೇಕಿತ್ತು. ಬೆಡ್ಡೋಮ್ ಅವರು ಗಿಡಗಳ ಎಲೆ, ಹೂ, ಕಾಯಿಗಳನ್ನು ಒಣಗಿಸಿ ಕಾಗದದ ನಡುವೆ ಜೋಡಿಸಿ ಇಡುತ್ತಿದ್ದರು. ಹಾವು, ಓತಿ, ಕಪ್ಪೆಗಳನ್ನೂ ಸಂಗ್ರಹಿಸಿದರು. ಮರಗಳಿಗೆ ಊರಿನ ಜನರು ಯಾವ ಹೆಸರು ಹೇಳುತ್ತಾರೆ ಎಂಬುದನ್ನೂ ತಮ್ಮ ಪುಸ್ತಕದಲ್ಲಿ ಬರೆದರು. ಕಾಡಿನ ಜನರ ತಿಳಿವಳಿಕೆ ಇಲ್ಲದಿದ್ದರೆ ಆ ಪುಸ್ತಕ ಪೂರ್ಣವಾಗುತ್ತಿರಲಿಲ್ಲ.

ಅರಣ್ಯ ಇಲಾಖೆಯ ನಿಯಮಗಳಿಂದ ಎಲ್ಲರಿಗೂ ಒಳ್ಳೆಯದೇ ಆಯಿತು ಎನ್ನುವಂತಿಲ್ಲ. ಘಟ್ಟದ ಜನರು ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು ಅಲ್ಲಿ ಧಾನ್ಯ ಬೆಳೆಯುತ್ತಿದ್ದರು. ಇದಕ್ಕೆ ಕುಮರಿ ಬೇಸಾಯ ಎಂದು ಹೆಸರು. ಸರಕಾರ ಅದನ್ನು ತಡೆಯಿತು. ಕುಮರಿಯನ್ನೇ ನಂಬಿ ಬದುಕುತ್ತಿದ್ದ ಬಡವರು ಕಷ್ಟಕ್ಕೆ ಒಳಗಾದರು. ಕಾಡು ಉಳಿಯಬೇಕು, ಕಾಡಿನ ಜನರೂ ಬದುಕಬೇಕು. ಇವೆರಡನ್ನೂ ಕೂಡಿಸುವುದು ಅಂದೂ ಸುಲಭವಾಗಿರಲಿಲ್ಲ, ಇಂದೂ ಸುಲಭವಲ್ಲ.

ಬೆಡ್ಡೋಮ್ ಅವರು ಕಂಡುದನ್ನೆಲ್ಲ ಪುಸ್ತಕಗಳಲ್ಲಿ ದಾಖಲಿಸಿದರು. 1863ರಲ್ಲಿ ದಕ್ಷಿಣ ಭಾರತದ ಜರೀಗಿಡಗಳ ಬಗ್ಗೆ ಅವರ ಪುಸ್ತಕ ಬಂದಿತು. ಅನಂತರ ಕಾಡಿನ ಮರಗಳ ಬಗ್ಗೆ ಚಿತ್ರಗಳಿರುವ ದೊಡ್ಡ ಗ್ರಂಥವನ್ನು ಬರೆದರು. ನಮ್ಮ ಜಿಲ್ಲೆಯ ಜನರು ಚೆನ್ನಾಗಿ ಬಲ್ಲ ಕಿರಾಲುಬೋಗಿ ಮರಕ್ಕೆ ಶಾಸ್ತ್ರೀಯ ಹೆಸರು ಕೊಟ್ಟವರೂ ಅವರೇ. ಅದರ ಹೆಸರು ಹೋಪಿಯಾ ಪಾರ್ವಿಫ್ಲೋರಾ. ಪುಟ್ಟ ಹೂಗಳ ಹೋಪಿಯಾ ಎಂಬುದು ಅದರ ಅರ್ಥ. ಇದರ ಮರ ಬಲು ಗಟ್ಟಿ, ಬಹುಕಾಲ ಬಾಳುತ್ತದೆ.

ಈಗ ಆ ಚಪ್ಪಲಿ ಹೂವಿನ ಕಥೆಗೆ ಬರೋಣ. 1865ರಲ್ಲಿ ಕರ್ನಲ್ ಹೀಬರ್ ಡ್ರೂರಿ ಎಂಬ ಸೇನಾಧಿಕಾರಿ ತಿರುವಿದಾಂಕೂರಿನ ಬೆಟ್ಟದಲ್ಲಿ ಅದನ್ನು ಕಂಡರು. ಹೂ ಹಳದಿ ಬಣ್ಣದ್ದು. ಮೇಲಿನ ದಳದ ನಡುವೆಯೂ ಅಕ್ಕಪಕ್ಕದ ದಳಗಳ ನಡುವೆಯೂ ಕಡುಗಂದು ಪಟ್ಟೆ ಇರುತ್ತದೆ. ಬೆಡ್ಡೋಮ್ ಅವರು 1874ರಲ್ಲಿ ಆ ಗಿಡವನ್ನು ವರ್ಣಿಸಿ ಪ್ರಕಟಿಸಿದರು. ಹೆಸರಿಡುವ ಹಕ್ಕು ಅವರದಾಗಿತ್ತು. ಅವರು ಗಿಡವನ್ನು ಮೊದಲು ಕಂಡ ಡ್ರೂರಿಯವರ ಹೆಸರನ್ನೇ ಅದಕ್ಕೆ ಇಟ್ಟರು. ಇಂದು ಅದನ್ನು ಪ್ಯಾಫಿಯೋಪೆಡಿಲಮ್ ಡ್ರೂರಿಯೈ ಎಂದು ಕರೆಯುತ್ತಾರೆ. ಅದರ ಬಂಧುಗಳಾದ ಬೇರೆ ಚಪ್ಪಲಿ ಹೂಗಳು ಭಾರತದಲ್ಲಿ ಬಹುದೂರದ ಈಶಾನ್ಯ ಬೆಟ್ಟಗಳಲ್ಲಿವೆ.

ಈ ಹೂವಿನ ಚೀಲ ಬರಿಯ ಅಂದಕ್ಕಲ್ಲ. ಬಣ್ಣಕ್ಕೆ ಮರುಳಾದ ಕೀಟ ಚೀಲದೊಳಗೆ ಜಾರಿ ಬೀಳುತ್ತದೆ. ಬಂದ ದಾರಿಯಲ್ಲಿ ಹೊರಗೆ ಹೋಗಲು ಆಗುವುದಿಲ್ಲ. ಹಿಂಬದಿಯ ಇಕ್ಕಟ್ಟಾದ ಕಿಂಡಿಯಲ್ಲಿ ನುಸುಳಬೇಕು. ಆಗ ಪರಾಗ ಅದರ ಬೆನ್ನಿಗೆ ಅಂಟುತ್ತದೆ. ಇನ್ನೊಂದು ಹೂವಿಗೆ ಹೋದಾಗ ಪರಾಗಸ್ಪರ್ಶ ನಡೆಯುತ್ತದೆ.

ಪುಸ್ತಕದಲ್ಲಿ ಹೆಸರು ಬಂದ ಮೇಲೆ ಹೂವಿನ ಸುದ್ದಿ ಹಬ್ಬಿತು. ಆ ಕಾಲದ ಇಂಗ್ಲೆಂಡಿನ ಶ್ರೀಮಂತರಿಗೆ ಆರ್ಕಿಡ್ ಎಂದರೆ ಹುಚ್ಚು. ಗಾಜಿನ ಮನೆ ಕಟ್ಟಿ ಅದರೊಳಗೆ ಬೆಳೆಸುತ್ತಿದ್ದರು. ಪುಷ್ಪ ಪ್ರದರ್ಶನಗಳಲ್ಲಿ ಇಟ್ಟು ಬಹುಮಾನ ಪಡೆಯುತ್ತಿದ್ದರು. ಚಪ್ಪಲಿ ಹೂವನ್ನು ಬೆಳೆಸುವವರು ಮೊದಲು ಎಲೆಯನ್ನು ನೋಡುತ್ತಾರೆ. ಈ ಗುಂಪಿನ ಕೆಲವು ಗಿಡಗಳ ಎಲೆಯಲ್ಲಿ ಚುಕ್ಕೆ, ಮಚ್ಚೆಗಳಿರುತ್ತವೆ. ಡ್ರೂರಿಯ ಎಲೆ ದಪ್ಪಗೆ, ಮಚ್ಚೆಯಿಲ್ಲದೆ ಹಸುರಾಗಿರುತ್ತದೆ. ಬಿಸಿಲು ಹೆಚ್ಚಾದರೆ ಎಲೆ ಹಳದಿಯಾಗುತ್ತದೆ. ಬೆಳಕು ಸಾಲದಿದ್ದರೆ ಎಲೆ ಕಡುಹಸುರಾಗಿ ಬೆಳೆದರೂ ಹೂ ಬಿಡುವುದಿಲ್ಲ. ಇದಕ್ಕೆ ನೀರು ಕೂಡಿಡುವ ಗಡ್ಡೆಯಿಲ್ಲ. ಆದುದರಿಂದ ಬೇರು ಒಣಗಬಾರದು, ನೀರಿನಲ್ಲಿ ನಿಂತು ಕೊಳೆಯಲೂ ಬಾರದು. ಗೊಬ್ಬರವನ್ನು ಬಹಳ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಹೆಚ್ಚು ಕೊಟ್ಟರೆ ಬೇರಿನ ತುದಿ ಸುಟ್ಟುಹೋಗುತ್ತದೆ. ಬೆಟ್ಟದ ಮೇಲೆ ಅದು ಉಣ್ಣುವುದು ಕೊಳೆತ ತರಗೆಲೆಯ ಸಾರವನ್ನು ಮಾತ್ರ.

ಬೆಳೆಸಲು ಬಾರದವರ ಕೈಯಲ್ಲಿ ಗಿಡ ಸತ್ತರೆ ಮತ್ತೆ ಕಾಡಿನಿಂದಲೇ ತರಿಸುತ್ತಿದ್ದರು. ಹೀಗೆ ಕಿತ್ತು ಕಿತ್ತು ಅಗಸ್ತ್ಯಮಲೆಯ ಇಳಿಜಾರು ಬರಿದಾಗುತ್ತ ಬಂತು. ಬೇಸಗೆಯ ಕಾಳ್ಗಿಚ್ಚು ಉಳಿದವುಗಳನ್ನೂ ಸುಟ್ಟಿತು. ಈಗ ಅದು ಅಳಿವಿನ ಅಂಚಿನಲ್ಲಿರುವ ಸಸ್ಯಗಳ ಪಟ್ಟಿಯಲ್ಲಿದೆ. ಲೋಕಕ್ಕೆ ತಿಳಿದುದೇ ಹೂವಿಗೆ ಕೇಡಾಯಿತೇ ಎಂದು ನೀವು ಕೇಳಬಹುದು. ಹೆಸರನ್ನು ಹಿಡಿದು ಕೀಳುವವರು ಬಂದರು, ನಿಜ. ಆದರೆ ಉಳಿಸುವವರಿಗೂ ಅದೇ ಹೆಸರು ದಾರಿ ತೋರಿತು. ಹೆಸರೇ ಇಲ್ಲದ ಗಿಡ ಅಳಿದುಹೋದರೆ ಅದು ಯಾರಿಗೂ ಗೊತ್ತಾಗುವುದಿಲ್ಲ.

ತಿರುವನಂತಪುರ ಜಿಲ್ಲೆಯ ಪಾಲೋಡಿನಲ್ಲಿ ಒಂದು ದೊಡ್ಡ ಸಸ್ಯೋದ್ಯಾನವಿದೆ. ಅದು 1979ರಲ್ಲಿ ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳು ಡ್ರೂರಿಯ ಸಸಿಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಭತ್ತದ ಕಾಳಿನಲ್ಲಿರುವಂತೆ ಅದರೊಳಗೆ ಆಹಾರ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದಕ್ಕೆ ಉಣಿಸುತ್ತದೆ. ಪ್ರಯೋಗಶಾಲೆಯ ಗಾಜಿನ ಸೀಸೆಯಲ್ಲಿ ಸಕ್ಕರೆ ಮತ್ತು ಲವಣಗಳನ್ನು ಕೊಟ್ಟು ಮೊಳಕೆ ಬರಿಸುತ್ತಾರೆ. ಸಸಿ ಹೂ ಬಿಡಲು ವರ್ಷಗಟ್ಟಲೆ ಕಾಯಬೇಕು. ಹೀಗೆ ಬೆಳೆದ ಸಸಿಗಳನ್ನು ಮತ್ತೆ ಕಾಡಿನಲ್ಲಿ ನೆಡಲಾಯಿತು. ಕಾಡಿನಿಂದ ಚಪ್ಪಲಿ ಹೂವನ್ನು ಕಿತ್ತು ಮಾರುವುದು ಈಗ ಕಾನೂನಿಗೆ ವಿರುದ್ಧ.

ಬೆಡ್ಡೋಮ್ ಅವರು 1882ರಲ್ಲಿ ಕೆಲಸದಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಮರುವರ್ಷವೇ ಜರೀಗಿಡಗಳ ಬಗ್ಗೆ ಇನ್ನೊಂದು ಪುಸ್ತಕ ಹೊರತಂದರು. 1911ರ ಫೆಬ್ರವರಿ 23ರಂದು, ಎಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರು ಒಣಗಿಸಿಟ್ಟ ಎಲೆ, ಹೂಗಳು ಇಂದಿಗೂ ಲಂಡನ್ನಿನಲ್ಲಿವೆ. ಪಶ್ಚಿಮ ಘಟ್ಟದ ಕೆಲವು ಕಪ್ಪೆಗಳಿಗೂ ಕೆಲವು ಹಾವುಗಳಿಗೂ ಬೇರೆ ವಿಜ್ಞಾನಿಗಳು ಬೆಡ್ಡೋಮ್ ಅವರ ಹೆಸರನ್ನು ಇಟ್ಟಿದ್ದಾರೆ. ಗಿಡವನ್ನು ಮೊದಲು ಕಂಡವರ ಹೆಸರನ್ನು ಹೂವಿಗೆ ಕೊಟ್ಟವರಿಗೆ ಕಾಡೇ ಹೀಗೆ ಗೌರವ ಸಲ್ಲಿಸಿತು.

ಚಟುವಟಿಕೆಗಳು

1. ಮದ್ರಾಸು ಸರಕಾರವು ಅರಣ್ಯ ಇಲಾಖೆಯನ್ನು ಏಕೆ ಆರಂಭಿಸಿತು?
2. ಎಲೆಯ ಬಣ್ಣವನ್ನು ನೋಡಿ ಗಿಡದ ಬಗ್ಗೆ ಏನೇನು ತಿಳಿಯಬಹುದು? ಪಾಠದಿಂದ ಆರಿಸಿ ಬರೆಯಿರಿ.
3. ಪುಸ್ತಕದಲ್ಲಿ ಹೆಸರು ಬಂದುದರಿಂದ ಚಪ್ಪಲಿ ಹೂವಿಗೆ ಆದ ಕೇಡು ಯಾವುದು, ಒಳಿತು ಯಾವುದು? ಗುಂಪಿನಲ್ಲಿ ಚರ್ಚಿಸಿ.
4. ನಿಮ್ಮ ಊರಿನ ಐದು ಕಾಡುಮರಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆಯಿರಿ. ಅದೇ ಮರಕ್ಕೆ ತುಳು, ಮಲಯಾಳ ಭಾಷೆಗಳಲ್ಲಿ ಏನೆನ್ನುತ್ತಾರೆ ಎಂದು ಪಟ್ಟಿ ಮಾಡಿರಿ.
5. ಶಾಲೆಯ ಸುತ್ತಲಿನ ಮರಗಳಲ್ಲಿ ಸೀತಾಳೆ ಇದೆಯೇ ನೋಡಿರಿ. ಕೀಳದೆ, ಅದರ ಚಿತ್ರ ಬಿಡಿಸಿ ಬಣ್ಣ ಹಚ್ಚಿರಿ.